ಮದ್ದಿಲ್ಲ, ಕಿಡಿ ಇಲ್ಲ: ಪೇಂಟ್‌ಬಾಲ್ ಮಾರ್ಕರ್ ಒಳಗೆ ಏನು ನಡೆಯುತ್ತದೆ?

ಈ ಸಲ ಬಂದ ಪತ್ರಗಳಲ್ಲಿ ಪೇಂಟ್‌ಬಾಲ್ ಬಗ್ಗೆ ಕೇಳಿದವೇ ಜಾಸ್ತಿ. ಬೆಂಗಳೂರಿನ ಸುತ್ತಮುತ್ತ ರೆಸಾರ್ಟ್‌ಗಳಲ್ಲಿ ಆಫೀಸ್ ಔಟಿಂಗ್ ಅಂದರೆ ಈಗ ಇದೂ ಒಂದು ಆಟ. ಆಡಿ ಬಂದವರಿಗೆ ಕೈಯಲ್ಲಿ ಹಿಡಿದಿದ್ದ ಯಂತ್ರದ, ಅಂದರೆ ಬಣ್ಣದ ಗುಂಡು ಹಾರಿಸುವ ಮಾರ್ಕರ್‌ನ ಬಗ್ಗೆ ಕುತೂಹಲ ಹುಟ್ಟಿದೆ. ಒಳ್ಳೆಯದೇ ಆಯಿತು, ಪೂರ್ತಿ ಅಂಕಣ ಇದಕ್ಕೇ ಕೊಡೋಣ.

ಪ್ರಶ್ನೆ: ಆಫೀಸಿನವರ ಜೊತೆ ಕನಕಪುರ ರಸ್ತೆಯ ಒಂದು ರೆಸಾರ್ಟ್‌ನಲ್ಲಿ ಪೇಂಟ್‌ಬಾಲ್ ಆಡಿದೆವು. ಟ್ರಿಗರ್ ಒತ್ತಿದರೆ ಟಪ್ ಅಂತ ಜೋರು ಶಬ್ದ. ಒಳಗೆ ಮದ್ದೇನಾದರೂ ಇರುತ್ತಾ? ಇಲ್ಲ ಅಂದರೆ ಗುಂಡನ್ನು ಅಷ್ಟು ಜೋರಾಗಿ ತಳ್ಳುವುದು ಯಾವುದು?
— ಓದುಗರು, ಜಯನಗರ, ಬೆಂಗಳೂರು

ಉತ್ತರ: ಮದ್ದು ಒಂದು ಚಿಟಿಕೆಯೂ ಇಲ್ಲ. ತಳ್ಳುವುದು ಒತ್ತಿ ತುಂಬಿದ ಗ್ಯಾಸ್, ಅಷ್ಟೇ. ಮಾರ್ಕರ್‌ಗೆ ತಿರುಗಿಸಿ ಸಿಕ್ಕಿಸಿದ ಸಿಲಿಂಡರ್ ನೋಡಿರುತ್ತೀರಿ. ಅದರಲ್ಲಿ ಕಾರ್ಬನ್ ಡೈಆಕ್ಸೈಡ್ ಇರುತ್ತದೆ, ಇಲ್ಲವೇ ನಾವು ಉಸಿರಾಡುವ ಗಾಳಿಯನ್ನೇ ಭಾರೀ ಒತ್ತಡದಲ್ಲಿ ತುಂಬಿರುತ್ತಾರೆ. ನೀವು ಕೇಳಿದ ಟಪ್ ಶಬ್ದ ಆ ಗ್ಯಾಸ್ ಬ್ಯಾರೆಲ್‌ನ ಬಾಯಿಂದ ಹೊರಗೆ ನುಗ್ಗಿದ್ದು, ಜೊತೆಗೆ ಒಳಗಿನ ಲೋಹದ ಭಾಗಗಳು ಬಡಿದದ್ದು.

ಸಾಮಾನ್ಯ ಗುಂಡು 0.68 ಕ್ಯಾಲಿಬರ್, ಅಂದರೆ ಸುಮಾರು 17.3 ಮಿಲಿಮೀಟರ್ ದಪ್ಪ, ತೂಕ ಸುಮಾರು 3 ಗ್ರಾಂ. ಹೊರಗೆ ಜೆಲಟಿನ್ ಕವಚ, ಒಳಗೆ ನೀರಿನಲ್ಲಿ ತೊಳೆದರೆ ಹೋಗುವ ಬಣ್ಣ. ಇದನ್ನು ಸೆಕೆಂಡಿಗೆ 280 ಅಡಿ ವೇಗದಲ್ಲಿ ಕಳಿಸುತ್ತಾರೆ ಅಂತಿಟ್ಟುಕೊಳ್ಳಿ. ಅದು ಗಂಟೆಗೆ 300 ಕಿಲೋಮೀಟರ್ ದಾಟಿದ ವೇಗ. ಗುಂಡಿನಲ್ಲಿರುವ ಶಕ್ತಿ ಲೆಕ್ಕ ಹಾಕಿದರೆ 11 ಜೂಲ್ ಹತ್ತಿರ ಬರುತ್ತದೆ. ಬಟ್ಟೆಯ ಮೇಲೆ ಬಿದ್ದರೂ ಚುರುಕ್ ಅನ್ನುವುದು ಅದಕ್ಕೇ.

ಈಗ ಗ್ಯಾಸ್ ಬಿಡುವ ಭಾಗಕ್ಕೆ ಬರೋಣ. ಬೈಕಿನ ಟೈರ್ ವಾಲ್ವ್ ಮಧ್ಯದ ಪಿನ್ ಒತ್ತಿದರೆ ಗಾಳಿ ಸುಯ್ ಅಂತ ಬರುತ್ತದೆ, ಬಿಟ್ಟರೆ ತಾನೇ ಮುಚ್ಚಿಕೊಳ್ಳುತ್ತದೆ, ಅಲ್ವಾ? ಬಾಡಿಗೆಗೆ ಕೊಡುವ ಹೆಚ್ಚಿನ ಮಾರ್ಕರ್‌ಗಳ ವಾಲ್ವ್ ಕೂಡ ಅದೇ ಜಾತಿಯದು. ಇಲ್ಲಿ ಪಿನ್ನಿಗೆ ಬೆರಳು ತಾಗುವುದಿಲ್ಲ, ಹ್ಯಾಮರ್ ಅನ್ನುವ ಲೋಹದ ತುಂಡು ಸ್ಪ್ರಿಂಗ್ ಬಲದಿಂದ ಬಂದು ಬಡಿಯುತ್ತದೆ. ವಾಲ್ವ್ ತೆರೆದಿರುವುದು ಕೆಲವೇ ಮಿಲಿಸೆಕೆಂಡ್. ಅಷ್ಟರಲ್ಲಿ ನುಗ್ಗಿದ ಗ್ಯಾಸ್ ಗುಂಡನ್ನು ತಳ್ಳಿಬಿಟ್ಟಿರುತ್ತದೆ.

ಇನ್ನೊಂದು ವಿಷಯ ಗಮನಿಸಿ. ಇಂಥ ಮಾರ್ಕರ್‌ನಲ್ಲಿ ಟ್ರಿಗರ್ ನೇರವಾಗಿ ಗ್ಯಾಸ್ ಬಿಡುವುದೇ ಇಲ್ಲ. ಅದು ಬಿಡುವುದು ಹ್ಯಾಮರನ್ನು. ಹ್ಯಾಮರನ್ನು ಹಿಂದಕ್ಕೆ ಹಿಡಿದಿಟ್ಟ ಒಂದು ಸಣ್ಣ ಕೊಕ್ಕೆ ಇದೆ, ಅದಕ್ಕೆ ಸಿಯರ್ ಅಂತಾರೆ. ಟ್ರಿಗರ್ ಆ ಕೊಕ್ಕೆಯನ್ನು ಜಾರಿಸುತ್ತದೆ. ಮುಂದಿನದೆಲ್ಲ ಸ್ಪ್ರಿಂಗ್ ಮತ್ತು ಗ್ಯಾಸ್ ಕೆಲಸ. ಹಾಗಾಗಿ ಯಾವ ಮಾರ್ಕರ್ ಕೈಗೆ ಬಂದರೂ ನಾನು ಮೊದಲು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಒಂದು ಸಲ ಬಡಿದ ಹ್ಯಾಮರನ್ನು ಮತ್ತೆ ಹಿಂದಕ್ಕೆ ಒಯ್ಯುವುದು ಯಾರು? ಮಾರ್ಕರ್‌ಗಳ ಜಾತಿ ಬದಲಾಗುವುದು ಬಹುಮಟ್ಟಿಗೆ ಅಲ್ಲೇ.

ಪ್ರಶ್ನೆ: ಸೆಮಿ ಆಟೋಮ್ಯಾಟಿಕ್ ಮಾರ್ಕರ್ ಒಂದು ಸಲ ಕಾಕ್ ಮಾಡಿದರೆ (ಹಿಡಿ ಎಳೆದು ಹೊಡೆತಕ್ಕೆ ಸಜ್ಜು ಮಾಡಿದರೆ) ಆಮೇಲೆ ತಾನೇ ಕಾಕ್ ಆಗುತ್ತಾ ಹೋಗುತ್ತದೆ. ಮೋಟಾರ್ ಇಲ್ಲ, ಬ್ಯಾಟರಿ ಇಲ್ಲ. ಹೇಗೆ ಸಾಧ್ಯ? ಹಂತ ಹಂತವಾಗಿ ಹೇಳಿ ಸರ್.
— ಮೆಕ್ಯಾನಿಕಲ್ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಬಹಳ ಇಷ್ಟವಾದ ಪ್ರಶ್ನೆ, ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ಉದಾಹರಣೆಗೆ ಟಿಪ್‌ಮನ್ 98 ತೆಗೆದುಕೊಳ್ಳೋಣ. ಅಮೆರಿಕದ ಇಂಡಿಯಾನಾ ರಾಜ್ಯದ ಫೋರ್ಟ್ ವೇಯ್ನ್ ಊರಿನ ಕಂಪನಿಯ ಮಾರ್ಕರ್ ಇದು, 1998ರಲ್ಲಿ ಬಂತು. ಗಟ್ಟಿ ಯಂತ್ರ, ಕೆಸರಿಗೆ ಬಿದ್ದರೂ ಒರೆಸಿ ಆಡಬಹುದು ಅನ್ನುವಂಥದ್ದು, ಹಾಗಾಗಿ ಬಾಡಿಗೆ ಮೈದಾನಗಳಲ್ಲಿ ಬೇರೂರಿಬಿಟ್ಟಿದೆ. ಇದರಲ್ಲಿ ಎರಡು ಬೋಲ್ಟ್, ಅಂದರೆ ಹಿಂದೆ ಮುಂದೆ ಜಾರುವ ತುಂಡುಗಳು, ಒಂದೇ ಸಾಲಿನಲ್ಲಿ ಇವೆ. ಹಿಂದಿನದು ಹ್ಯಾಮರ್ ಕೆಲಸ ಮಾಡುತ್ತದೆ. ಮುಂದಿನದು ಗುಂಡನ್ನು ಬ್ಯಾರೆಲ್‌ಗೆ ದೂಡುತ್ತದೆ. ಎರಡನ್ನೂ ಒಂದು ಕಂಬಿ ಜೋಡಿಸಿದೆ, ಮಧ್ಯದಲ್ಲಿ ವಾಲ್ವ್ ಕದಲದೆ ಕೂತಿದೆ.

ಕಾಕ್ ಮಾಡಿದಾಗ ಎರಡೂ ಬೋಲ್ಟ್ ಹಿಂದಕ್ಕೆ ಹೋಗಿ ಸಿಯರ್‌ಗೆ ಸಿಕ್ಕಿಕೊಳ್ಳುತ್ತವೆ. ಗುಂಡು ತುಂಬಿಡುವ ಮೇಲಿನ ಡಬ್ಬಿ, ಹಾಪರ್‌ನಿಂದ ಒಂದು ಗುಂಡು ಕೆಳಗೆ ಬೀಳುತ್ತದೆ, ಡಿಟೆಂಟ್ ಅನ್ನುವ ಚಿಕ್ಕ ತಡೆ ಅದು ಮುಂದಕ್ಕೆ ಉರುಳದ ಹಾಗೆ ನಿಲ್ಲಿಸುತ್ತದೆ. ಟ್ರಿಗರ್ ಒತ್ತಿದಿರಿ. ಸಿಯರ್ ಜಾರಿತು. ಸ್ಪ್ರಿಂಗ್ ಹಿಂದಿನ ಬೋಲ್ಟನ್ನು ಮುಂದಕ್ಕೆ ನೂಕಿತು, ಕಂಬಿಯ ಮೂಲಕ ಮುಂದಿನ ಬೋಲ್ಟೂ ಜೊತೆಗೇ ಹೊರಟು ಗುಂಡನ್ನು ಬ್ಯಾರೆಲ್ ಒಳಗೆ ಸೇರಿಸಿ ಹಾಪರ್‌ನ ದಾರಿ ಮುಚ್ಚಿತು, ಆ ಓಟದ ಕೊನೆಯಲ್ಲಿ ಹಿಂದಿನ ಬೋಲ್ಟ್ ವಾಲ್ವ್ ಪಿನ್ನಿಗೆ ಬಡಿಯಿತು. ವಾಲ್ವ್ ತೆರೆಯಿತು.

ಜಾಣತನ ಇರುವುದು ಇಲ್ಲಿ. ಗ್ಯಾಸ್‌ಗೆ ದಾರಿ ಒಂದಲ್ಲ, ಎರಡು. ಒಂದು ಪಾಲು ಮುಂದಿನ ಬೋಲ್ಟ್ ಒಳಗಿಂದ ಹೋಗಿ ಗುಂಡನ್ನು ಹಾರಿಸುತ್ತದೆ. ಇನ್ನೊಂದು ಪಾಲು ಹಿಂದಕ್ಕೆ ಬಂದು, ಈಗಷ್ಟೇ ಬಡಿದ ಅದೇ ಬೋಲ್ಟನ್ನು ಸ್ಪ್ರಿಂಗ್ ವಿರುದ್ಧ ಹಿಂದಕ್ಕೆ ಒದೆಯುತ್ತದೆ. ಬೋಲ್ಟ್ ಹೋಗಿ ಮತ್ತೆ ಸಿಯರ್‌ಗೆ ಸಿಕ್ಕಿಕೊಳ್ಳುತ್ತದೆ. ಮುಂದಿನ ಬೋಲ್ಟೂ ಹಿಂದೆ ಸರಿದದ್ದರಿಂದ ಹಾಪರ್‌ನ ದಾರಿ ತೆರೆದು ಇನ್ನೊಂದು ಗುಂಡು ಇಳಿಯುತ್ತದೆ. ಮುಂದಿನ ಹೊಡೆತಕ್ಕೆ ತಯಾರು. ಇದಕ್ಕೆ ಬ್ಲೋಬ್ಯಾಕ್ ಅಂತಾರೆ. ಮೋಟಾರ್ ಯಾಕಿಲ್ಲ ಅಂದಿರಲ್ಲ, ಆ ಮೋಟಾರ್ ಕೆಲಸಕ್ಕೆ ಪ್ರತಿ ಹೊಡೆತದ ಗ್ಯಾಸ್‌ನಲ್ಲಿ ಒಂದು ಪಾಲು ಖರ್ಚಾಗುತ್ತಿದೆ. ಬ್ಲೋಬ್ಯಾಕ್ ಮಾರ್ಕರ್ ಗ್ಯಾಸ್ ಜಾಸ್ತಿ ಕುಡಿಯುತ್ತದೆ ಅನ್ನುವ ದೂರಿಗೆ ಇದೂ ಒಂದು ಕಾರಣ.

ಪಂಪ್ ಮಾರ್ಕರ್‌ನಲ್ಲಿ ಈ ಕೆಲಸ ನಿಮ್ಮ ಕೈಯದು. ಪ್ರತಿ ಹೊಡೆತಕ್ಕೂ ಹಿಡಿ ಹಿಂದಕ್ಕೆ ಎಳೆದು ಮುಂದಕ್ಕೆ ತಳ್ಳಬೇಕು. ಗ್ಯಾಸ್ ಹಿಂದಕ್ಕೆ ಒದೆಯಬೇಕಾಗಿಲ್ಲ, ಹಾಗಾಗಿ ಉಳಿತಾಯ. ಪಂಪ್ ಇಟ್ಟುಕೊಂಡವನು ಒಂದೊಂದು ಗುಂಡನ್ನೂ ಯೋಚಿಸಿ ಹೊಡೆಯುತ್ತಾನೆ, ನನಗಂತೂ ಆ ಆಟವೇ ನೋಡಲು ಚೆಂದ.

ಆಟೋಕಾಕರ್ ಅನ್ನುವ ಮಾರ್ಕರ್ ಮೂರನೇ ದಾರಿ ಹಿಡಿಯಿತು. ಬಡ್ ಓರ್ ಅನ್ನುವವರು ಪಂಪ್ ಮಾರ್ಕರನ್ನೇ ಇಟ್ಟುಕೊಂಡು, ಮನುಷ್ಯನ ಕೈ ಮಾಡುತ್ತಿದ್ದ ಎಳೆದು ತಳ್ಳುವ ಕೆಲಸಕ್ಕೆ ಗ್ಯಾಸ್ ಒತ್ತಡದಿಂದ ಓಡುವ ಒಂದು ಪುಟ್ಟ ನ್ಯೂಮ್ಯಾಟಿಕ್ ಸಿಲಿಂಡರ್ ಕೂರಿಸಿದರು, ಅದಕ್ಕೇ ರ್‍ಯಾಮ್ ಅಂತಾರೆ. ಮಾರ್ಕರ್‌ನ ಮುಂತುದಿಯ ಹತ್ತಿರ ಒಂದು ಕಡಿಮೆ ಒತ್ತಡದ ರೆಗ್ಯುಲೇಟರ್, ಒಂದು ಮೂರು ದಾರಿಯ ವಾಲ್ವ್, ಆ ರ್‍ಯಾಮ್, ಅವನ್ನು ಸೇರಿಸುವ ಸಣ್ಣ ಪೈಪುಗಳು. ಟ್ರಿಗರ್ ಸ್ವಲ್ಪ ಒತ್ತಿದರೆ ಗುಂಡು ಹಾರುತ್ತದೆ. ಇನ್ನೂ ಒತ್ತಿದರೆ ವಾಲ್ವ್ ದಿಕ್ಕು ಬದಲಿಸಿ ರ್‍ಯಾಮ್ ಹಿಂದಿನ ಬ್ಲಾಕನ್ನು ತಳ್ಳುತ್ತದೆ, ಬೋಲ್ಟ್ ತೆರೆದು ಹ್ಯಾಮರ್ ಕಾಕ್ ಆಗುತ್ತದೆ. ಬೆರಳು ಬಿಟ್ಟರೆ ಬೋಲ್ಟ್ ಮುಚ್ಚಿಕೊಳ್ಳುತ್ತದೆ. ಇದರ ಟೈಮಿಂಗ್ ಹೊಂದಿಸುವುದು ತಾಳ್ಮೆಯ ಕೆಲಸ. ಟ್ರಿಗರ್ ಅರ್ಧ ಒತ್ತಿ ಬಿಡುವ ಅಭ್ಯಾಸದವರಿಗೆ ಇದು ಒಗ್ಗುವುದಿಲ್ಲ.

ಟಾಮ್ ಕೇಯ್ ಅವರ ಆಟೋಮ್ಯಾಗ್ ಮಾರ್ಕರ್‌ನಲ್ಲಿ ಹ್ಯಾಮರೇ ಇಲ್ಲ. ಬೋಲ್ಟ್ ಹಿಂದೆ ಒಂದು ಕೋಣೆಯಲ್ಲಿ ಅಳತೆಯ ಗ್ಯಾಸ್ ತುಂಬಿಕೊಂಡು ಕಾಯುತ್ತಿರುತ್ತದೆ. ಸಿಯರ್ ಬಿಟ್ಟ ಕೂಡಲೇ ಆ ಒತ್ತಡವೇ ಬೋಲ್ಟನ್ನು ಮುಂದಕ್ಕೆ ತಳ್ಳುತ್ತದೆ, ಕೊನೆಯಲ್ಲಿ ಅದೇ ಗ್ಯಾಸ್ ಬೋಲ್ಟ್ ಮೂಲಕ ಹೋಗಿ ಗುಂಡು ಹಾರಿಸುತ್ತದೆ. ಬೋಲ್ಟನ್ನು ವಾಪಸ್ ತರುವುದು ಸ್ಪ್ರಿಂಗ್. ನೀವು ಮೆಕ್ಯಾನಿಕಲ್ ಓದುತ್ತಿದ್ದೀರಿ, ಇವುಗಳ ಕಟ್ ಸೆಕ್ಷನ್ ಚಿತ್ರವನ್ನು ಕೈಯಾರೆ ಬರೆದು ನೋಡಿ. ಗ್ಯಾಸ್ ಹೋಗುವ ದಾರಿಗೆ ಬಣ್ಣ ಹಚ್ಚಿದರೆ ಅರ್ಧ ಗಂಟೆಯಲ್ಲಿ ಪೂರ್ತಿ ತಲೆಗೆ ಹತ್ತುತ್ತದೆ.

ಪ್ರಶ್ನೆ: ಒಂದು ಸಲ ಒತ್ತಿದರೆ ಟರ್‌ರ್‌ರ್ ಅಂತ ತಾನಾಗಿ ಹೊಡೆಯುತ್ತಲೇ ಹೋಯಿತು. ಹೆದರಿ ಕೆಳಗೆ ಇಟ್ಟೆ. ಆಟೋಮ್ಯಾಟಿಕ್ ಬಟನ್ ಏನಾದರೂ ಒತ್ತಿಬಿಟ್ಟೆನಾ?
— ಓದುಗರು, ಹುಬ್ಬಳ್ಳಿ

ಉತ್ತರ: ಬಟನ್ ಅಲ್ಲ. ಮೇಲಿನ ಉತ್ತರ ಓದಿದ್ದರೆ ನೀವೇ ಊಹಿಸಬಹುದು. ಹ್ಯಾಮರನ್ನು ಹಿಂದಕ್ಕೆ ಒದೆಯಲು ಸಾಕಷ್ಟು ಗ್ಯಾಸ್ ಒತ್ತಡ ಇರಲಿಲ್ಲ. ಅದು ಅರ್ಧ ದಾರಿ ಹೋಗಿ, ಸಿಯರ್‌ಗೆ ಸಿಗದೆ, ಸ್ಪ್ರಿಂಗ್ ದೂಡಿದಂತೆ ವಾಪಸ್ ಬಂದು ಮತ್ತೆ ವಾಲ್ವ್‌ಗೆ ಬಡಿಯಿತು. ಮತ್ತೆ ಅರ್ಧ ದಾರಿ, ಮತ್ತೆ ಬಡಿತ. ಜಾಸ್ತಿ ಸಲ ಕಾರಣ ಸಿಲಿಂಡರ್ ಖಾಲಿಯಾಗುತ್ತಾ ಬಂದಿರುವುದು. ತುಂಬಿದ ಸಿಲಿಂಡರ್ ಹಾಕಿದ ಮೇಲೂ ಹಾಗೇ ಆದರೆ ಹಿಂದಿನ ಬೋಲ್ಟ್‌ನ ಓ-ರಿಂಗ್ (ಗ್ಯಾಸ್ ಸೋರದಂತೆ ತಡೆಯುವ ರಬ್ಬರ್ ಬಳೆ) ಸವೆದು ಗ್ಯಾಸ್ ಪಕ್ಕದಿಂದ ಸೋರುತ್ತಿರಬಹುದು, ಇಲ್ಲವೇ ಸಿಯರ್‌ನ ಅಂಚು ಸವೆದು ದುಂಡಾಗಿರಬಹುದು. ಎರಡೂ ಬದಲಾಯಿಸಬಹುದಾದ ಸಣ್ಣ ಭಾಗಗಳು.

ನೀವು ಕೆಳಗೆ ಇಟ್ಟಿರಿ. ಇನ್ನೊಮ್ಮೆ ಹೀಗಾದರೆ ಕೈ ಬಿಡಬೇಡಿ, ಮೂತಿಯನ್ನು ನೆಲದ ಕಡೆ ಹಿಡಿದು ಕಾಕಿಂಗ್ ಹಿಡಿಯನ್ನು ಪೂರ್ತಿ ಹಿಂದಕ್ಕೆ ಎಳೆಯಿರಿ. ಸಿಯರ್ ಹಿಡಿದುಕೊಂಡ ತಕ್ಷಣ ನಿಲ್ಲುತ್ತದೆ. ಆಮೇಲೆ ಸೇಫ್ಟಿ ಹಾಕಿ ಮೈದಾನದವರಿಗೆ ಕೊಡಿ. ಸಿಲಿಂಡರ್ ಹಾಕುವ ಮೊದಲೇ ಕಾಕ್ ಮಾಡಿರಬೇಕು ಅಂತ ಅವರು ಹೇಳುವುದಕ್ಕೂ ಕಾರಣ ಹತ್ತಿರದ್ದೇ. ಕಾಕ್ ಆಗದ ಹ್ಯಾಮರ್ ವಾಲ್ವ್ ಪಿನ್ನಿನ ಮೇಲೆ ಒರಗಿಕೊಂಡಿರುತ್ತದೆ, ಗ್ಯಾಸ್ ಬಿಟ್ಟರೆ ಸುಮ್ನೆ ಸೋರಿಹೋಗುತ್ತದೆ.

ಪ್ರಶ್ನೆ: ಬೆಳಿಗ್ಗೆ ಗುಂಡು ಚೆನ್ನಾಗಿ ಹೋಗುತ್ತಿತ್ತು. ಬಿಡದೆ ಹೊಡೆದಾಗ ಬ್ಯಾರೆಲ್‌ನಿಂದ ಬಿಳಿ ಹೊಗೆ ಬಂದು ಗುಂಡು ಹತ್ತಿರದಲ್ಲೇ ಬೀಳತೊಡಗಿತು. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸರಿ. ಏನಿದು?
— ಓದುಗರು, ಕಲಬುರಗಿ

ಉತ್ತರ: ನಿಮ್ಮ ಸಿಲಿಂಡರ್‌ನಲ್ಲಿ ಇದ್ದದ್ದು ಕಾರ್ಬನ್ ಡೈಆಕ್ಸೈಡ್. ಅದು ಒಳಗೆ ದ್ರವವಾಗಿರುತ್ತದೆ, ಮೇಲ್ಭಾಗದಲ್ಲಿ ಗ್ಯಾಸ್. ಗ್ಯಾಸ್ ಖರ್ಚಾದಷ್ಟೂ ದ್ರವ ಕುದಿದು ಆ ಜಾಗ ತುಂಬುತ್ತದೆ. ಕುದಿಯಲು ಶಾಖ ಬೇಕು, ಅದನ್ನು ಸಿಲಿಂಡರ್‌ನಿಂದಲೇ ಎಳೆದುಕೊಳ್ಳುತ್ತದೆ. ಬಿಡದೆ ಹೊಡೆದರೆ ಸಿಲಿಂಡರ್ ತಣ್ಣಗಾಗುತ್ತದೆ, ತಣ್ಣಗಾದರೆ ಒತ್ತಡ ಇಳಿಯುತ್ತದೆ. ಎಷ್ಟು ಇಳಿಯುತ್ತದೆ ನೋಡಿ: 20 ಡಿಗ್ರಿಯಲ್ಲಿ ಒತ್ತಡ ಸುಮಾರು 57 ಬಾರ್, 0 ಡಿಗ್ರಿಯಲ್ಲಿ ಸುಮಾರು 35 ಬಾರ್. ಗುಂಡು ಸೋಲದೆ ಇನ್ನೇನು ಮಾಡೀತು? ಸ್ವಲ್ಪ ಹೊತ್ತು ಬಿಟ್ಟರೆ ಹೊರಗಿನ ಶಾಖ ಒಳಗೆ ಹೋಗಿ ಮತ್ತೆ ಚೇತರಿಸಿಕೊಳ್ಳುತ್ತದೆ. ನೀವು ಕಂಡದ್ದು ಹೊಗೆಯಲ್ಲ. ತಣ್ಣನೆಯ ಗ್ಯಾಸ್‌ಗೆ ಗಾಳಿಯ ತೇವ ಮಂಜಾಗಿದೆ. ಕೆಲವು ಸಲ ದ್ರವವೇ ವಾಲ್ವ್ ತನಕ ಬಂದು ಬಿಳಿಯ ಪುಡಿಯಾಗಿ ಉದುರುತ್ತದೆ. ಹಾಗಾದಾಗ ಓ-ರಿಂಗ್‌ಗಳು ಬಿರುಸಾಗಿ ಹಾಳಾಗುತ್ತವೆ, ಒಂದು ಗುಂಡು ನಿಧಾನ ಇನ್ನೊಂದು ಅತೀ ವೇಗ ಹೀಗೆ ಆಟವೇ ಕೆಡುತ್ತದೆ.

ನಿಮ್ಮೂರಿನ ಬೇಸಿಗೆಗೆ ಇದರ ಉಲ್ಟಾ ತೊಂದರೆ ಇದೆ, ಅದನ್ನು ನೀವು ಕೇಳದಿದ್ದರೂ ಹೇಳಲೇಬೇಕು. 31 ಡಿಗ್ರಿ ದಾಟಿದರೆ ಕಾರ್ಬನ್ ಡೈಆಕ್ಸೈಡ್ ದ್ರವವಾಗಿ ಉಳಿಯುವುದೇ ಇಲ್ಲ. ಆಮೇಲೆ ಒತ್ತಡ ಎಷ್ಟು ಏರುತ್ತದೆ ಅನ್ನುವುದು ಸಿಲಿಂಡರ್ ಎಷ್ಟು ತುಂಬಿದ್ದಾರೆ ಅನ್ನುವುದರ ಮೇಲೆ ನಿಂತಿದೆ. ಅಳತೆಗಿಂತ ಜಾಸ್ತಿ ತುಂಬಿದ ಸಿಲಿಂಡರನ್ನು 40 ಡಿಗ್ರಿ ಬಿಸಿಲಲ್ಲಿ ಕಾರಿನೊಳಗೆ ಬಿಡುವುದು ಅಪಾಯ. ಒತ್ತಡ ಮಿತಿ ಮೀರಿದರೆ ಒಡೆದು ಗ್ಯಾಸ್ ಹೊರಬಿಡಲಿ ಅಂತಲೇ ವಾಲ್ವ್‌ನಲ್ಲಿ ಬರ್ಸ್ಟ್ ಡಿಸ್ಕ್ ಇಟ್ಟಿರುತ್ತಾರೆ, ಅದನ್ನು ಯಾರೂ ಮುಟ್ಟಬಾರದು.

ಈ ಕಾಟ ಬೇಡ ಅಂತಲೇ ಒಳ್ಳೆಯ ಮೈದಾನಗಳು ಒತ್ತಿದ ಗಾಳಿಗೆ ಹೋಗಿವೆ. ಅಲ್ಯೂಮಿನಿಯಂ ಸಿಲಿಂಡರ್‌ನಲ್ಲಿ 3000 ಪಿಎಸ್‌ಐ, ಕಾರ್ಬನ್ ಫೈಬರ್ ಸುತ್ತಿದ್ದರಲ್ಲಿ 4500 ಪಿಎಸ್‌ಐ ತನಕ ತುಂಬುತ್ತಾರೆ (ಒಂದು ಬಾರ್ ಅಂದರೆ ಸುಮಾರು 14.5 ಪಿಎಸ್‌ಐ). ಸಿಲಿಂಡರ್ ಮೇಲಿನ ರೆಗ್ಯುಲೇಟರ್ ಅದನ್ನು ಸಾಮಾನ್ಯವಾಗಿ 800 ಪಿಎಸ್‌ಐ ಆಸುಪಾಸಿಗೆ ಇಳಿಸಿ ಕೊಡುತ್ತದೆ. ದ್ರವವೇ ಇಲ್ಲದ್ದರಿಂದ ಮೊದಲ ಗುಂಡಿಗೂ ನೂರನೆಯ ಗುಂಡಿಗೂ ವೇಗ ಬಹುತೇಕ ಒಂದೇ.

ಪ್ರಶ್ನೆ: ನನ್ನ ತಂಗಿಯ ಮಗ ನ್ಯೂಜೆರ್ಸಿಯಲ್ಲಿ ಇದ್ದಾನೆ, ಅಲ್ಲಿ ಪೇಂಟ್‌ಬಾಲ್ ಟೀಮ್‌ನಲ್ಲಿ ಆಡುತ್ತಾನೆ. ಅವನ ಮಾರ್ಕರ್‌ಗೆ ಬ್ಯಾಟರಿ ಹಾಕಬೇಕಂತೆ. ಗ್ಯಾಸ್ ತಳ್ಳುವುದಾದರೆ ಬ್ಯಾಟರಿಗೆ ಏನು ಕೆಲಸ?
— ನಿವೃತ್ತ ಶಿಕ್ಷಕರು, ಮೈಸೂರು

ಉತ್ತರ: ತಳ್ಳುವುದು ಅಲ್ಲೂ ಗ್ಯಾಸೇ ಮೇಷ್ಟ್ರೇ. ಬ್ಯಾಟರಿ ಬರೀ ಹೊತ್ತು ನೋಡಿಕೊಳ್ಳುತ್ತದೆ. ಅವನ ಟ್ರಿಗರ್ ಒಂದು ಪುಟ್ಟ ಸ್ವಿಚ್ ಒತ್ತುತ್ತದೆ. ಸ್ವಿಚ್ ಸರ್ಕ್ಯೂಟ್ ಬೋರ್ಡಿಗೆ ಸುದ್ದಿ ಕೊಡುತ್ತದೆ. ಬೋರ್ಡ್ ಸೊಲೆನಾಯ್ಡ್ ಅನ್ನುವ ವಿದ್ಯುತ್ ವಾಲ್ವನ್ನು ಕೆಲವು ಮಿಲಿಸೆಕೆಂಡ್ ತೆರೆಯುತ್ತದೆ. ಆ ಸಮಯಕ್ಕೆ ಡ್ವೆಲ್ ಅಂತಾರೆ, ಅದನ್ನು ಜಾಸ್ತಿ ಕಡಿಮೆ ಮಾಡಿ ಹೊಂದಿಸಬಹುದು. ಸೊಲೆನಾಯ್ಡ್‌ನಿಂದ ಬರುವ ಸ್ವಲ್ಪ ಗಾಳಿ ಒಳಗಿನ ದೊಡ್ಡ ಭಾಗಗಳನ್ನು ಅಲ್ಲಾಡಿಸುತ್ತದೆ.

ಅಲ್ಲೂ ಎರಡು ಪಂಗಡ. ಪಾಪೆಟ್ ಅನ್ನುವುದರಲ್ಲಿ ಗಾಳಿಯಿಂದ ಓಡುವ ರ್‍ಯಾಮ್ ಹೋಗಿ ವಾಲ್ವ್‌ಗೆ ಬಡಿಯುತ್ತದೆ, ಹಳೆಯ ಹ್ಯಾಮರ್‌ನ ನೆಂಟನೇ ಅದು. ಗ್ಯಾಸ್ ಉಳಿತಾಯ, ಆದರೆ ಕೈಗೆ ಸ್ವಲ್ಪ ಒದೆತ. ಸ್ಪೂಲ್ ಅನ್ನುವುದರಲ್ಲಿ ಬಡಿತವೇ ಇಲ್ಲ. ಬೋಲ್ಟೇ ವಾಲ್ವ್. ಅದು ಮುಂದಕ್ಕೆ ಜಾರಿದಾಗ ಓ-ರಿಂಗ್ ದಾಟಿ ದಾರಿ ತೆರೆದು ಕೋಣೆಯ ಗಾಳಿ ಗುಂಡಿನ ಹಿಂದೆ ನುಗ್ಗುತ್ತದೆ. ಮೆತ್ತಗೆ, ಕಡಿಮೆ ಶಬ್ದದಲ್ಲಿ ಹೊಡೆಯುತ್ತದೆ. ಓ-ರಿಂಗ್‌ಗೆ ಗ್ರೀಸ್ ಒಣಗಬಾರದು, ಅದೊಂದು ಅದರ ಹಟ.

ಬ್ಯಾಟರಿಯ ನಿಜವಾದ ಲಾಭ ನನ್ನ ಪ್ರಕಾರ ಕಣ್ಣುಗಳು. ಗುಂಡು ಕೂರುವ ಜಾಗದಲ್ಲಿ ಎದುರುಬದುರು ಇನ್‌ಫ್ರಾರೆಡ್ ಕಿರಣದ ಸೆನ್ಸರ್ ಇರುತ್ತದೆ. ಗುಂಡು ಪೂರ್ತಿ ಇಳಿದು ಕಿರಣಕ್ಕೆ ಅಡ್ಡ ಬರುವ ತನಕ ಬೋರ್ಡ್ ಹೊಡೆಯಲು ಬಿಡುವುದಿಲ್ಲ. ಬ್ಲೋಬ್ಯಾಕ್ ಮಾರ್ಕರ್‌ಗೆ ಇದು ಗೊತ್ತಾಗುವುದಿಲ್ಲ, ಅರ್ಧ ಇಳಿದ ಗುಂಡನ್ನು ಬೋಲ್ಟ್ ಕತ್ತರಿಸಿಬಿಡುತ್ತದೆ, ಒಳಗೆಲ್ಲ ಬಣ್ಣ.

ಪ್ರಶ್ನೆ: ಮಳೆಗಾಲದಲ್ಲಿ ಗುಂಡುಗಳು ಬ್ಯಾರೆಲ್ ಒಳಗೇ ಒಡೆಯುತ್ತವೆ. ಮಾರ್ಕರ್ ಹಾಳಾ, ಗುಂಡು ಹಾಳಾ?
— ಓದುಗರು, ಮಂಗಳೂರು

ಉತ್ತರ: ನಿಮ್ಮೂರಿನ ತೇವ. ಜೆಲಟಿನ್ ನೀರು ಹೀರಿ ಊದಿಕೊಂಡು ಮೆತ್ತಗಾಗುತ್ತದೆ, ಆಕಾರ ಕೆಡುತ್ತದೆ, ಬ್ಯಾರೆಲ್‌ಗೆ ಬಿಗಿಯಾಗುತ್ತದೆ. ಚೀಲವನ್ನು ಗಾಳಿಯಾಡದಂತೆ ಕಟ್ಟಿಡಿ, ಆಟಕ್ಕೆ ಬೇಕಾದಷ್ಟೇ ತೆರೆಯಿರಿ. ಮಾರ್ಕರ್‌ನಿಂದ ಬ್ಯಾರೆಲ್ ಬಿಚ್ಚಿ ತೆಗೆದು ಒಂದು ಗುಂಡು ಹಾಕಿ ನೋಡಿ. ಅದು ಉರುಳಿಕೊಂಡು ಹೋಗಬಾರದು, ಬಾಯಲ್ಲಿ ಊದಿದರೆ ಹೊರಗೆ ಬರಬೇಕು. ಊದಿದರೂ ಕದಲದಿದ್ದರೆ ಆ ಗುಂಡಿಗೆ ಆ ಬ್ಯಾರೆಲ್ ಸರಿಯಲ್ಲ. ಒಂದು ಗುಂಡು ಒಡೆದರೆ ಬ್ಯಾರೆಲ್ ಒರೆಸುವ ಸಾಧನ, ಸ್ಕ್ವೀಜಿ ಹಾಕಿ ಒರೆಸದೆ ಮುಂದಿನದು ಹೊಡೆಯಬೇಡಿ, ಒಳಗಿನ ಬಣ್ಣಕ್ಕೆ ತಾಗಿ ಅದೂ ಎಲ್ಲೆಲ್ಲಿಗೋ ತಿರುಗುತ್ತದೆ.

ಪ್ರಶ್ನೆ: ಇಂಥ ಯಂತ್ರ ಆಟಕ್ಕೆಂದೇ ಹುಟ್ಟಿದ್ದಾ?
— ಪಿಯುಸಿ ವಿದ್ಯಾರ್ಥಿನಿ, ಹಾಸನ

ಉತ್ತರ: ಅಲ್ಲ. ಅಮೆರಿಕದಲ್ಲಿ ಕಡಿಯಬೇಕಾದ ಮರಗಳಿಗೂ ದನಗಳಿಗೂ ದೂರದಿಂದ ಬಣ್ಣದ ಗುರುತು ಹಾಕಲು ಮಾಡಿದ್ದು. ನೆಲ್ಸನ್ ಪೇಂಟ್ ಕಂಪನಿ ಮಾರುತ್ತಿದ್ದ ನೆಲ್‌ಸ್ಪಾಟ್ 007 ಅನ್ನು ಏರ್‌ಗನ್ ತಯಾರಿಸುವ ಡೈಸಿ ಕಂಪನಿ ಮಾಡಿಕೊಡುತ್ತಿತ್ತು. 12 ಗ್ರಾಂನ ಪುಟ್ಟ ಗ್ಯಾಸ್ ಕಾರ್ಟ್ರಿಡ್ಜ್, ಪ್ರತಿ ಹೊಡೆತಕ್ಕೂ ಕೈಯಿಂದಲೇ ಬೋಲ್ಟ್ ಎಳೆಯಬೇಕು. 1981ರ ಜೂನ್ 27ರಂದು ನ್ಯೂ ಹ್ಯಾಂಪ್‌ಶೈರ್‌ನ ಹೆನಿಕರ್‌ನಲ್ಲಿ 12 ಜನ ಅದನ್ನೇ ಹಿಡಿದು ಕಾಡಿನಲ್ಲಿ ಮೊದಲ ಆಟ ಆಡಿದರು. ಗೆದ್ದವರು ರಿಚಿ ವೈಟ್ ಅನ್ನುವ ಅರಣ್ಯ ಕೆಲಸಗಾರ. ಕಾಡಿನಲ್ಲಿಟ್ಟ ಬಾವುಟಗಳನ್ನು ಕಲೆಹಾಕುವುದು ಆಟ, ಅವರು ಒಂದೂ ಗುಂಡು ಹಾರಿಸದೆ ಅವನ್ನೆಲ್ಲ ತಂದುಬಿಟ್ಟರು!

ಪ್ರಶ್ನೆ: ಹನ್ನೆರಡು ವರ್ಷದ ಮಗಳು ಬೇಸಿಗೆ ಶಿಬಿರದಲ್ಲಿ ಆಡಲು ಹೋಗುತ್ತಾಳಂತೆ. ನಾನು ಏನೇನು ನೋಡಬೇಕು?
— ತಾಯಿ, ಶಿವಮೊಗ್ಗ

ಉತ್ತರ: ಮೊದಲನೆಯದು ಮಾಸ್ಕ್, ಅಮ್ಮ. ಪೇಂಟ್‌ಬಾಲ್‌ಗೆಂದೇ ಮಾಡಿದ, ಕಣ್ಣು ಕಿವಿ ಮುಖ ಮುಚ್ಚುವ ಮಾಸ್ಕ್ ಇರಬೇಕು. ಈಜುವ ಕನ್ನಡಕ, ಕೂಲಿಂಗ್ ಗ್ಲಾಸ್, ಬೈಕ್ ಹೆಲ್ಮೆಟ್ ಯಾವುದೂ ಆಗುವುದಿಲ್ಲ. ಈ ಗುಂಡು ಮೈಗೆ ಬಿದ್ದರೆ ನೀಲಿ ಕಲೆ, ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು. ಒಳಗೆ ಆವಿ ಕಟ್ಟಿ ಕಾಣದಿದ್ದರೂ ಮೈದಾನದಲ್ಲಿ ಮಾಸ್ಕ್ ಎತ್ತಬಾರದು, ಕೈ ಎತ್ತಿ ಹೊರಗೆ ಬಂದು ಒರೆಸಿಕೊಳ್ಳಲಿ. ಇದನ್ನು ಮನೆಯಲ್ಲೇ ನಾಲ್ಕು ಸಲ ಹೇಳಿ ಕಳಿಸಿ.

ಎರಡನೆಯದು, ಕ್ರೋನೋಗ್ರಾಫ್ ಇದೆಯಾ ಅಂತ ಶಿಬಿರದವರನ್ನು ಕೇಳಿ. ಗುಂಡಿನ ವೇಗ ಅಳೆಯುವ ಸಣ್ಣ ಯಂತ್ರ ಅದು. ವಯಸ್ಕರ ಆಟದಲ್ಲೂ ಸೆಕೆಂಡಿಗೆ 300 ಅಡಿ ಅನ್ನುವುದು ಸಾಮಾನ್ಯವಾಗಿ ಒಪ್ಪಿಕೊಂಡ ಮೇಲ್ಮಿತಿ, ಹೆಚ್ಚಿನ ಮೈದಾನಗಳು ಅದಕ್ಕಿಂತ ಕೆಳಗೇ ಇಡುತ್ತವೆ. ವೇಗ ಹೊಂದಿಸುವುದು ಒಂದು ಸ್ಕ್ರೂ ತಿರುಗಿಸಿದಷ್ಟು ಸುಲಭ, ಹಾಗಾಗಿ ಅಳೆಯದೆ ನಂಬಬಾರದು. ಬಿಸಿಲೇರಿದರೆ ಕಾರ್ಬನ್ ಡೈಆಕ್ಸೈಡ್‌ನ ಒತ್ತಡವೂ ಏರುತ್ತದೆ, ಮಧ್ಯಾಹ್ನ ಇನ್ನೊಮ್ಮೆ ಅಳೆಯಬೇಕು. ಮಕ್ಕಳಿಗೆ 0.50 ಕ್ಯಾಲಿಬರ್‌ನ ಚಿಕ್ಕ ಗುಂಡು ಇದ್ದರೆ ಅದನ್ನೇ ಕೇಳಿ. ತೂಕ ಅರ್ಧಕ್ಕಿಂತ ಕಡಿಮೆ, ಏಟೂ ಅಷ್ಟೇ ಕಡಿಮೆ.

ಮೂರನೆಯದನ್ನು ದೊಡ್ಡವರೂ ಮರೆಯುತ್ತಾರೆ. ಹಾಪರ್ ತೆಗೆದರೆ ಮಾರ್ಕರ್ ಖಾಲಿ ಅಂದುಕೊಳ್ಳುತ್ತಾರೆ. ಬ್ಯಾರೆಲ್ ಹಿಂದೆ, ಗುಂಡು ಕೂರುವ ಜಾಗದಲ್ಲಿ ಒಂದು ಗುಂಡು ಉಳಿದಿರಬಹುದು. ಸಿಲಿಂಡರ್ ಬಿಚ್ಚಿದರೂ ವಾಲ್ವ್ ಹಿಂದಿನ ಕೋಣೆಯಲ್ಲಿ ಗ್ಯಾಸ್ ಉಳಿದಿರಬಹುದು, ಅದು ಒಂದೆರಡು ಗುಂಡು ಹಾರಿಸಲು ಸಾಕು. ಆಟ ಮುಗಿದ ಕೂಡಲೇ ಬ್ಯಾರೆಲ್ ಬಾಯಿಗೆ ಬಟ್ಟೆಯ ಚೀಲದಂಥ ಬ್ಯಾರೆಲ್ ಕವರ್ ಹಾಕಿ, ಅದರ ಎಲಾಸ್ಟಿಕ್ ದಾರವನ್ನು ಮಾರ್ಕರ್ ಹಿಂಭಾಗಕ್ಕೆ ಸಿಕ್ಕಿಸಬೇಕು. ಮಾಸ್ಕ್ ತೆಗೆಯುವುದು ಎಲ್ಲರ ಮಾರ್ಕರ್‌ಗೂ ಕವರ್ ಬಿದ್ದ ಮೇಲೆ. ಶಿಬಿರದವರು ಈ ಕ್ರಮ ತಪ್ಪಿಸುತ್ತಾರೆ ಅಂತ ಕಂಡರೆ ಮಗಳನ್ನು ಆಡಲು ಬಿಡಬೇಡಿ.